ಲಿನಕ್ಸ್ ಇದ್ದರೂ ಆಂಟಿವೈರಸ್ ಬೇಕಾ? ಶೆಟ್ರ ಪೆನ್‌ಡ್ರೈವ್ ಎತ್ತಿದ ಪ್ರಶ್ನೆ

ಶೆಟ್ರ ಫೋನ್ ಬಂದಾಗ ಮಧ್ಯಾಹ್ನ ಹನ್ನೆರಡೂವರೆ. ಊಟದ ರಶ್ಶಿನ ಹೊತ್ತಿನಲ್ಲಿ ಅವರು ಯಾರಿಗೂ ಫೋನ್ ಮಾಡುವವರಲ್ಲ.

"ಅಲ್ಲ ಮಾರಾಯ್ರೇ, ಲಿನಕ್ಸಿಗೆ ವೈರಸ್ಸೇ ಬರುದಿಲ್ಲ ಅಂತ ನೀವೇ ಹೇಳಿದ್ದಲ್ವಾ? ಇಲ್ಲಿ ಸಿಎ ಆಫೀಸಲ್ಲಿ ನನ್ನ ಪೆನ್‌ಡ್ರೈವ್ ಹಾಕಿದ ಕೂಡ್ಲೇ ಕಂಪ್ಯೂಟರ್ ಕೆಂಪು ಅಕ್ಷರ ತೋರಿಸ್ತಾ ಉಂಟು. ಎಲ್ಲರೂ ನನ್ನನ್ನೇ ನೋಡ್ತಿದ್ದಾರೆ."

ಶೆಟ್ರು ಕುಂದಾಪುರ ಕಡೆಯವರು. ಪುಣೆಯ ಸಿಂಹಗಡ ರಸ್ತೆಯಲ್ಲಿ ಅವರದೊಂದು ಚಿಕ್ಕ ಹೋಟೆಲ್. ಲೆಕ್ಕಪತ್ರಕ್ಕೆ 4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್ ಇದೆ. ವಿಂಡೋಸ್‌ನಲ್ಲಿ ಅದು ತೆವಳುತ್ತಿತ್ತು ಅಂತ ಎರಡು ವರ್ಷದ ಹಿಂದೆ ನಾನೇ ಅದರ ಬದಲು ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ಮಿನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಿಕೊಟ್ಟಿದ್ದೆ. ಆಗ "ಇದಕ್ಕೆ ವೈರಸ್ ಕಾಟ ಇಲ್ಲ" ಎಂದು ಒಂದು ಮಾತು ಹೇಳಿದ್ದೂ ನಿಜ. ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅರ್ಧಕ್ಕೆ ನಿಲ್ಲಿಸಿದ ಮಾತು. ಉಳಿದರ್ಧ ಹೇಳುವುದಕ್ಕೇ ಈ ಲೇಖನ.

ಅವತ್ತು ಸಂಜೆ ಹೋಟೆಲಿಗೆ ಹೋಗಿ ಪೆನ್‌ಡ್ರೈವನ್ನು ಅದೇ ಲ್ಯಾಪ್‌ಟಾಪಿಗೆ ಹಾಕಿ ತೆರೆದೆ. ಮೊದಲ ನೋಟಕ್ಕೆ ಎರಡೇ ವಸ್ತು. ಒಂದು, ಪೆನ್‌ಡ್ರೈವಿನ ಹೆಸರನ್ನೇ ಇಟ್ಟುಕೊಂಡ ಶಾರ್ಟ್‌ಕಟ್ ಫೈಲು. ಅದರ ಗಾತ್ರ 2 ಕೆಬಿ ಕೂಡ ಇಲ್ಲ. ಇನ್ನೊಂದು, ಹೆಸರೇ ಇಲ್ಲದ ಫೋಲ್ಡರ್. ಹೆಸರಿನ ಜಾಗದಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಅಕ್ಷರ. ಶೆಟ್ರ ಜಿಎಸ್‌ಟಿ ಫೈಲುಗಳೆಲ್ಲ ಆ ಫೋಲ್ಡರಿನ ಒಳಗೆ ಸುರಕ್ಷಿತವಾಗಿದ್ದವು. ಅವುಗಳ ಪಕ್ಕದಲ್ಲೇ ಒಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಆಜ್ಞೆಗಳನ್ನು ಬರೆದಿಟ್ಟ ಫೈಲೂ ಕೂತಿತ್ತು.

"ಈ ಹೆಸರಿಲ್ಲದ ಫೋಲ್ಡರ್ ಯಾವಾಗಿಂದ ಇದೆ ಶೆಟ್ರೇ?"

"ಹೋದ ವಾರ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ ಮೇಲೆ. ಫೈಲ್ ಎಲ್ಲ ಅದರೊಳಗೇ ಇತ್ತಲ್ಲ, ಅದನ್ನೇ ತೆರೆದು ಕೆಲಸ ಮಾಡಿದೆ."

ಅಷ್ಟು ಸಾಕಾಯಿತು. ನಮ್ಮ ಊರುಗಳ ಝೆರಾಕ್ಸ್ ಅಂಗಡಿ, ಸೈಬರ್ ಕೆಫೆಗಳಲ್ಲಿ ವರ್ಷಗಳಿಂದ ಓಡಾಡುವ ಶಾರ್ಟ್‌ಕಟ್ ವೈರಸ್ ಇದು. ದಿನಕ್ಕೆ ನೂರು ಜನರ ಪೆನ್‌ಡ್ರೈವ್ ಚುಚ್ಚಿಸಿಕೊಳ್ಳುವ ವಿಂಡೋಸ್ ಕಂಪ್ಯೂಟರಿಗೆ ಒಮ್ಮೆ ಅಂಟಿದರೆ, ಆಮೇಲೆ ಬಂದ ಪ್ರತಿ ಪೆನ್‌ಡ್ರೈವಿಗೂ ಅದು ತನ್ನ ಮರಿ ಹಾಕುತ್ತದೆ. ನಿಮ್ಮ ಫೈಲುಗಳನ್ನು ಒಂದು ಅಡಗಿದ ಫೋಲ್ಡರಿಗೆ ತಳ್ಳುತ್ತದೆ. ಮೇಲೆ ಒಂದು ಶಾರ್ಟ್‌ಕಟ್ ಇಡುತ್ತದೆ. ವಿಂಡೋಸಿನಲ್ಲಿ ತೆರೆದವರಿಗೆ ಆ ಶಾರ್ಟ್‌ಕಟ್ ಮಾತ್ರ ಕಾಣುತ್ತದೆ. ಅದನ್ನೇ ತಮ್ಮ ಫೋಲ್ಡರ್ ಅಂದುಕೊಂಡು ಒತ್ತುತ್ತಾರೆ. ಒತ್ತಿದಾಗ ಮೊದಲು ಸ್ಕ್ರಿಪ್ಟ್ ಓಡುತ್ತದೆ, ಆಮೇಲೆ ಫೋಲ್ಡರೂ ತೆರೆದುಕೊಳ್ಳುತ್ತದೆ. ಕೆಲಸ ಆಯಿತಲ್ಲ, ಅನುಮಾನ ಯಾಕೆ ಬರಬೇಕು?

ಲಿನಕ್ಸಿನಲ್ಲಿ ಅಡಗಿದ ಫೋಲ್ಡರೂ ಬಯಲಾಗಿಯೇ ಕಂಡಿತು. ವಿಂಡೋಸ್ ಇಟ್ಟ "ಇದನ್ನು ಮುಚ್ಚಿಡು" ಎಂಬ ಗುರುತಿಗೆ ಲಿನಕ್ಸಿನ ಫೈಲ್ ಮ್ಯಾನೇಜರ್ ಬೆಲೆ ಕೊಡುವುದಿಲ್ಲ. ಇಲ್ಲಿ ಹೆಸರಿನ ಮೊದಲು ಚುಕ್ಕಿ ಇದ್ದರೆ ಮಾತ್ರ ಮರೆ. ಶಾರ್ಟ್‌ಕಟ್ ಒತ್ತಿದ್ದರೂ ಏನೂ ಆಗುತ್ತಿರಲಿಲ್ಲ, ಯಾಕೆಂದರೆ ಅದು ಕರೆಯುವ ವಿಂಡೋಸ್ ಪ್ರೋಗ್ರಾಂ ಇಲ್ಲಿ ಇಲ್ಲವೇ ಇಲ್ಲ.

ಹುಬ್ಬಳ್ಳಿ, ಬೆಳಗಾವಿ ಕಡೆಯ ಹಿರಿಯರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿಂದ ಪುಣೆಗೆ ಬರುವವರು ಹಿಂದೆ ಮಿರಜಿನಲ್ಲಿ ಇಳಿದು ರೈಲು ಬದಲಿಸಬೇಕಿತ್ತು. ಆ ಕಡೆ ಮೀಟರ್ ಗೇಜ್, ಈ ಕಡೆ ಬ್ರಾಡ್ ಗೇಜ್. ಬೋಗಿ ಎಷ್ಟೇ ಗಟ್ಟಿ ಇರಲಿ, ಹಳಿಯ ಅಗಲ ಬೇರೆಯಾದರೆ ಮುಂದಕ್ಕೆ ಓಡದು. ವಿಂಡೋಸಿಗೆ ಬರೆದ ಪ್ರೋಗ್ರಾಂ ಲಿನಕ್ಸಿಗೆ ಬಂದಾಗ ಆಗುವುದೂ ಇದೇ. ಎರಡರ ಪ್ರೋಗ್ರಾಂ ಫೈಲುಗಳ ಕಟ್ಟೋಣವೇ ಬೇರೆ. ಹಾಂ, ವಿಂಡೋಸ್ ಪ್ರೋಗ್ರಾಂ ಓಡಿಸಲೆಂದೇ ವೈನ್ ಎಂಬ ತಂತ್ರಾಂಶ ಹಾಕಿಕೊಂಡವರು ಸ್ವಲ್ಪ ಹುಷಾರಾಗಿರಬೇಕು. ಅದರಲ್ಲಿ ಒಳ್ಳೆ ಪ್ರೋಗ್ರಾಂ ಓಡಿದ ಹಾಗೆ ಕೆಟ್ಟದ್ದೂ ಓಡಬಹುದು.

ಅಂದರೆ ಶೆಟ್ರ ಲ್ಯಾಪ್‌ಟಾಪಿಗೆ ವೈರಸ್ ತಗುಲಿರಲಿಲ್ಲ. ಆದರೆ ಝೆರಾಕ್ಸ್ ಅಂಗಡಿಯಿಂದ ಸಿಎ ಆಫೀಸಿಗೆ ಅದನ್ನು ಹೊತ್ತುಕೊಂಡು ಹೋದವರು ಶೆಟ್ರೇ. ತನಗೆ ಜ್ವರ ಇಲ್ಲ, ಆದರೆ ಪಕ್ಕದವರಿಗೆ ದಾಟಿಸಿದ ಹಾಗೆ. ಲಿನಕ್ಸ್ ಬಳಸುವವರಿಗೆ ಆಂಟಿವೈರಸ್ ಬೇಕಾಗುವ ಮೊದಲ ಕಾರಣ ಇದೇ. ನಾವು ವಿಂಡೋಸ್ ಬಳಸುವವರ ನಡುವೆ ಬದುಕುತ್ತಿದ್ದೇವೆ. ಅವರಿಗೆ ಫೈಲು ಕೊಡುತ್ತೇವೆ, ಅವರಿಂದ ತಗೊಳ್ಳುತ್ತೇವೆ.

ಆಂಟಿವೈರಸ್ ಮಾಡುವ ಕೆಲಸ ಏನು?

ಪುಣೆಯಲ್ಲಿ ಕೂತು ಈ ವಿಷಯ ಬರೆಯುವಾಗ ಕ್ವಿಕ್ ಹೀಲ್ ನೆನಪಾಗದೆ ಇರುವುದಿಲ್ಲ. ಕ್ಯಾಲ್ಕ್ಯುಲೇಟರ್ ರಿಪೇರಿಯಿಂದ ಶುರು ಮಾಡಿದ ಕೈಲಾಶ್ ಕಾಟ್ಕರ್ ಮತ್ತು ಅವರ ತಮ್ಮ ಸಂಜಯ್ ಕಾಟ್ಕರ್ 90ರ ದಶಕದಲ್ಲಿ ಇದೇ ಊರಲ್ಲಿ ಕಟ್ಟಿದ ಕಂಪನಿ ಅದು. ರಿಪೇರಿಗೆ ಬರುವ ಕಂಪ್ಯೂಟರುಗಳಲ್ಲಿ ವೈರಸ್ ಕಾಟ ಕಂಡು, ತಮ್ಮನೇ ಅದಕ್ಕೆ ಮದ್ದು ಬರೆಯತೊಡಗಿದರು. ಆ ಕಾಲದ ಆಂಟಿವೈರಸ್ಸಿನ ಮೂಲ ಉಪಾಯ ಇವತ್ತಿಗೂ ಬದಲಾಗಿಲ್ಲ. ಪೊಲೀಸ್ ಠಾಣೆಯಲ್ಲಿ ಹಳೇ ಕಳ್ಳರ ಬೆರಳಚ್ಚು ಇಟ್ಟುಕೊಂಡ ಹಾಗೆ, ಸಿಕ್ಕಿಬಿದ್ದ ಪ್ರತಿ ವೈರಸ್ಸಿನ ಗುರುತನ್ನು ಒಂದು ಪಟ್ಟಿಯಲ್ಲಿ ಇಟ್ಟುಕೊಳ್ಳುವುದು. ಹೊಸ ಫೈಲು ಬಂದಾಗ ಪಟ್ಟಿಯ ಜತೆ ಹೋಲಿಸಿ ನೋಡುವುದು. ಈ ಗುರುತಿಗೆ ಸಿಗ್ನೇಚರ್ ಅನ್ನುತ್ತಾರೆ.

ಇದರ ಬಲವೂ ಮಿತಿಯೂ ಒಂದೇ ಕಡೆ ಇದೆ. ಹಳೇ ಕಳ್ಳ ಬಂದರೆ ಥಟ್ಟನೆ ಹಿಡಿಯುತ್ತದೆ. ಇವತ್ತು ಬೆಳಿಗ್ಗೆ ಕಸುಬು ಶುರು ಮಾಡಿದ ಕಳ್ಳನ ಬೆರಳಚ್ಚು ಪಟ್ಟಿಯಲ್ಲೇ ಇರುವುದಿಲ್ಲ. ಅದಕ್ಕಾಗಿ ಈಗಿನ ದೊಡ್ಡ ಆಂಟಿವೈರಸ್‌ಗಳು ಪ್ರೋಗ್ರಾಮಿನ ನಡವಳಿಕೆಯನ್ನೂ ಗಮನಿಸುತ್ತವೆ. ಒಂದೇ ಸಮನೆ ನೂರಾರು ಫೈಲುಗಳನ್ನು ಬದಲಿಸುತ್ತಿದೆಯಾ, ಬೇರೆ ಪ್ರೋಗ್ರಾಮಿನ ಮೆಮೊರಿಗೆ ಕೈ ಹಾಕುತ್ತಿದೆಯಾ ಅಂತೆಲ್ಲ.

ಲಿನಕ್ಸಿನಲ್ಲಿ ಮನೆಯವರಿಗೆ ಪುಕ್ಕಟೆ ಸಿಗುವ, ಹೆಚ್ಚು ಬಳಕೆಯಲ್ಲಿರುವ ಸ್ಕ್ಯಾನರ್ ಕ್ಲ್ಯಾಮ್‌ಎವಿ. ಇದರ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಈಗ ಸಿಸ್ಕೊ ಕಂಪನಿ ಇದನ್ನು ನೋಡಿಕೊಳ್ಳುತ್ತಿದೆ. ಇದು ಹೆಸರು ಮಾಡಿದ್ದು ಮೇಲ್ ಸರ್ವರುಗಳಲ್ಲಿ. ಲಿನಕ್ಸ್ ಸರ್ವರ್ ಮೂಲಕ ಹಾದುಹೋಗುವ ಇಮೇಲ್‌ಗಳನ್ನು ಜರಡಿ ಹಿಡಿದು, ಆಚೆ ಬದಿಯ ವಿಂಡೋಸ್ ಕಂಪ್ಯೂಟರಿಗೆ ವೈರಸ್ ಹೋಗದಂತೆ ತಡೆಯುವುದೇ ಅಲ್ಲಿ ಅದರ ಕೆಲಸ. ಹಾಗಾಗಿ ಅದರ ಪಟ್ಟಿಯಲ್ಲೂ ವಿಂಡೋಸ್ ವೈರಸ್‌ಗಳದೇ ದೊಡ್ಡ ಪಾಲು. ಶೆಟ್ರ ಪೆನ್‌ಡ್ರೈವ್ ತರಹದ ಕೆಲಸಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ಅವತ್ತು ಸ್ಕ್ಯಾನ್ ಓಡಿಸಿದಾಗ ಆ ಸ್ಕ್ರಿಪ್ಟನ್ನು ಹೆಸರು ಸಮೇತ ತೋರಿಸಿತು.

ಕ್ಲ್ಯಾಮ್‌ಎವಿಯನ್ನು ಎರಡು ರೀತಿ ಬಳಸಬಹುದು. ಬೇಕಾದಾಗ ಮಾತ್ರ ಓಡಿಸುವುದು ಒಂದು. ಹಿನ್ನೆಲೆಯಲ್ಲಿ ಸದಾ ಎಚ್ಚರವಾಗಿ ಇಡುವುದು ಇನ್ನೊಂದು. ಎರಡನೆಯದರಲ್ಲಿ ಸಿಗ್ನೇಚರ್ ಪಟ್ಟಿ ಪೂರ್ತಿ ಸದಾ ಮೆಮೊರಿಯಲ್ಲೇ ಕೂತಿರಬೇಕು. ಅದಕ್ಕೇ 1 ಜಿಬಿಗಿಂತ ಜಾಸ್ತಿ ರ‍್ಯಾಮ್ ಹೋಗುತ್ತದೆ. 4 ಜಿಬಿ ಇರುವ ಲ್ಯಾಪ್‌ಟಾಪಿಗೆ ಅದು ಭಾರ. ಶೆಟ್ರಿಗೆ ನಾನು ಮೊದಲನೆಯದನ್ನೇ ಮಾಡಿಕೊಟ್ಟೆ. ಹೊರಗೆ ಹೋಗಿ ಬಂದ ಪೆನ್‌ಡ್ರೈವ್ ಇದ್ದರೆ ಅದನ್ನೊಂದೇ ಸ್ಕ್ಯಾನ್ ಮಾಡುವುದು. ಪಟ್ಟಿ ತುಂಬಿಕೊಳ್ಳಲು ಅರ್ಧ ನಿಮಿಷ ತಗೊಳ್ಳುತ್ತದೆ. ಆಮೇಲೆ ಪೆನ್‌ಡ್ರೈವ್ ಮುಗಿಯಲು ಒಂದು ಚಹಾ ಕುಡಿಯುವಷ್ಟು ಹೊತ್ತು.

ಒಂದು ಎಚ್ಚರಿಕೆ. ಸಿಕ್ಕಿದ್ದನ್ನೆಲ್ಲ ತಾನಾಗಿ ಅಳಿಸುವ ಆಯ್ಕೆ ಹಾಕಬೇಡಿ. ಸ್ಕ್ಯಾನರ್‌ಗಳು ಒಮ್ಮೊಮ್ಮೆ ಒಳ್ಳೆ ಫೈಲನ್ನೂ ಕೆಟ್ಟದ್ದು ಅನ್ನುತ್ತವೆ. ಬೇರೆ ಫೋಲ್ಡರಿಗೆ ಸರಿಸಿ, ನೋಡಿ, ಆಮೇಲೆ ಅಳಿಸಿ. ನಿಮ್ಮ ಸ್ಕ್ಯಾನರ್ ನಿಜಕ್ಕೂ ಕೆಲಸ ಮಾಡುತ್ತಿದೆಯಾ ಅಂತ ನೋಡುವುದಕ್ಕೂ ದಾರಿ ಇದೆ. ಐಕಾರ್ ಎಂಬ 68 ಅಕ್ಷರಗಳ ಪರೀಕ್ಷಾ ಫೈಲು ಇದೆ. ಅದು ಯಾರಿಗೂ ಏನೂ ಮಾಡುವುದಿಲ್ಲ, ಆದರೆ ಅದನ್ನು ಕಂಡರೆ ಕೂಗಬೇಕು ಎಂದು ಆಂಟಿವೈರಸ್ ತಯಾರಕರು ತಮ್ಮಲ್ಲೇ ಒಪ್ಪಿಕೊಂಡಿದ್ದಾರೆ.

ಗಲ್ಲಾದ ಬೀಗದ ಕೈ ಯಾರ ಹತ್ತಿರ?

ಪೆನ್‌ಡ್ರೈವ್ ಮಾತು ಮುಗಿಯಿತು. ಈಗ ಲಿನಕ್ಸಿಗೇ ಬರೆದ ಕೆಟ್ಟ ಪ್ರೋಗ್ರಾಂ, ಅಂದರೆ ಮಾಲ್‌ವೇರ್ ಬಂದರೆ? ಅಂಥದ್ದು ಇಲ್ಲ ಅನ್ನುವವರು ಈಗಲೂ ಇದ್ದಾರೆ. ಆದರೆ ಲಿನಕ್ಸಿನ ಮೊದಲ ವೈರಸ್ ಅಂತ ಹೆಸರಾದ ಸ್ಟಾಗ್ 1996ರಲ್ಲೇ ಕಾಣಿಸಿತ್ತು. ಮರುವರ್ಷ ಬ್ಲಿಸ್ ಬಂತು. ಎರಡೂ ಹೆಚ್ಚು ಹರಡಲಿಲ್ಲ. ಯಾಕೆ ಹರಡಲಿಲ್ಲ ಎಂಬುದರಲ್ಲೇ ಲಿನಕ್ಸಿನ ರಕ್ಷಣೆಯ ಗುಟ್ಟಿದೆ.

ಶೆಟ್ರಿಗೆ ನಾನು ಹೇಳಿದ್ದು ಅವರದೇ ಹೋಟೆಲಿನ ಲೆಕ್ಕದಲ್ಲಿ. ಸಪ್ಲೈಯರ್ ಹುಡುಗ ಹೋಟೆಲಿನ ಹಾಲ್ ತುಂಬ ಓಡಾಡುತ್ತಾನೆ, ಟೇಬಲ್ ನೋಡುತ್ತಾನೆ, ಆರ್ಡರ್ ತಗೊಳ್ಳುತ್ತಾನೆ. ಆದರೆ ಗಲ್ಲಾದ ಬೀಗದ ಕೈ ಅವನಿಗೆ ಕೊಡುವುದಿಲ್ಲ. ಸ್ಟೋರ್ ರೂಮಿನದೂ ಇಲ್ಲ. ಲಿನಕ್ಸಿನಲ್ಲಿ ನೀವು ದಿನವೂ ಲಾಗಿನ್ ಆಗುವ ಖಾತೆ ಸಪ್ಲೈಯರ್ ಇದ್ದ ಹಾಗೆ. ಆ ಖಾತೆಯಲ್ಲಿ ಓಡುವ ಯಾವ ಪ್ರೋಗ್ರಾಮಿಗೂ ಸಿಸ್ಟಮ್ಮಿನ ಮುಖ್ಯ ಫೈಲುಗಳನ್ನು ಮುಟ್ಟುವ ಹಕ್ಕಿಲ್ಲ. ಮಾಲೀಕನ ಖಾತೆಯ ಹೆಸರು ರೂಟ್. ಸುಡೊ ಎಂದು ಬರೆದು ಪಾಸ್‌ವರ್ಡ್ ಕೊಟ್ಟಾಗ ಒಂದು ಕೆಲಸದ ಮಟ್ಟಿಗೆ ಆ ಬೀಗದ ಕೈ ನಿಮ್ಮ ಕೈಗೆ ಬರುತ್ತದೆ. ಇದರ ಜತೆಗೆ ಇಂಟರ್‌ನೆಟ್‌ನಿಂದ ಇಳಿಸಿದ ಫೈಲು ಸುಮ್ನೆ ಒತ್ತಿದರೆ ಓಡುವುದಿಲ್ಲ. ಇದನ್ನು ಓಡಿಸಬಹುದು ಎಂದು ನೀವೇ ಗುರುತು ಹಾಕಬೇಕು. ಎಲ್ಲಕ್ಕಿಂತ ದೊಡ್ಡದು, ತಂತ್ರಾಂಶಗಳನ್ನು ಕಂಡಕಂಡಲ್ಲಿಂದ ತರದೆ ರೆಪೊಸಿಟರಿ ಎಂಬ ಒಂದೇ ಉಗ್ರಾಣದಿಂದ ತರುವ ಪದ್ಧತಿ. ಅಲ್ಲಿಂದ ಬರುವುದಕ್ಕೆ ಡಿಜಿಟಲ್ ಸಹಿ ಇರುತ್ತದೆ. ಸಹಿ ತಾಳೆಯಾಗದಿದ್ದರೆ ಸಿಸ್ಟಮ್ಮೇ ಬೇಡ ಅನ್ನುತ್ತದೆ.

ಇಷ್ಟು ಕೇಳಿ ಹೆಚ್ಚಿನವರು ನಿಶ್ಚಿಂತರಾಗುತ್ತಾರೆ. ನಾನೂ ಬಹಳ ವರ್ಷ ಹಾಗೇ ಇದ್ದೆ. ಆದರೆ ಸ್ವಲ್ಪ ಯೋಚಿಸಿ. ಸಪ್ಲೈಯರ್ ಹತ್ತಿರ ಗಲ್ಲಾದ ಬೀಗದ ಕೈ ಇಲ್ಲ, ಸರಿ. ಅವನ ಸ್ವಂತ ಜೇಬಿನಲ್ಲಿರುವ ಸಂಬಳ? ನಿಮ್ಮ ಫೋಟೊ, ಲೆಕ್ಕದ ಫೈಲು, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್, ದೂರದ ಸರ್ವರಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಕೀ, ಎಲ್ಲವೂ ನಿಮ್ಮ ಖಾತೆಯ ಸ್ವಂತ ಜಾಗವಾದ ಹೋಮ್ ಫೋಲ್ಡರಿನಲ್ಲಿವೆ. ಅದನ್ನು ಓದಲು, ಅಳಿಸಲು, ಬೀಗ ಹಾಕಿ ಹಣ ಕೇಳಲು ಯಾವ ಮಾಲ್‌ವೇರಿಗೂ ರೂಟ್ ಬೇಕಿಲ್ಲ. ನಿಮ್ಮ ಖಾತೆಯಲ್ಲಿ ಓಡಿದರೆ ಸಾಕು. ಕೆಟ್ಟುಹೋದ ಸಿಸ್ಟಮ್ಮನ್ನು ಅರ್ಧ ಗಂಟೆಯಲ್ಲಿ ಮತ್ತೆ ಹಾಕಬಹುದು. ಮಗಳ ಮೊದಲ ಹುಟ್ಟುಹಬ್ಬದ ಫೋಟೊವನ್ನು ಮತ್ತೆ ಎಲ್ಲಿಂದ ತರುವುದು? ಮನೆಯ ಕಂಪ್ಯೂಟರಿನಲ್ಲಿ ನಿಜವಾದ ಆಸ್ತಿ ಇರುವುದೇ ರೂಟ್ ಕಾಯದ ಜಾಗದಲ್ಲಿ. ಈ ಒಂದು ವಿಷಯ ಎಲ್ಲ ಲಿನಕ್ಸ್ ಬಳಕೆದಾರರಿಗೂ ಗೊತ್ತಿರಬೇಕು ಎಂದು ನನ್ನ ಆಸೆ.

ಅಳಿಯನ ಲ್ಯಾಪ್‌ಟಾಪಿನಲ್ಲಿ ಕಂಡದ್ದು

ಶೆಟ್ರ ಅಳಿಯ, ಅಂದರೆ ಅಕ್ಕನ ಮಗ, ಪುಣೆಯಲ್ಲೇ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನೂ ಲಿನಕ್ಸ್ ಬಳಸುತ್ತಾನೆ. ಒಂದು ದಿನ ಲ್ಯಾಪ್‌ಟಾಪ್ ಹಿಡಿದು ಬಂದ. "ಅಣ್ಣ, ಫ್ಯಾನ್ ನಿಲ್ಲೋದೇ ಇಲ್ಲ. ಏನೂ ತೆರೆಯದೇ ಇದ್ರೂ ಬಿಸಿ ಆಗ್ತದೆ."

ಮೊದಲು ಕ್ಲ್ಯಾಮ್‌ಎವಿ ಓಡಿಸಿದೆವು. ಒಂದು ಗಂಟೆ ಓಡಿತು. ಸೋಂಕಿರುವ ಫೈಲು ಸೊನ್ನೆ. ಆಮೇಲೆ ಟರ್ಮಿನಲ್ಲಿನಲ್ಲಿ ಟಾಪ್ ಆಜ್ಞೆ ಕೊಟ್ಟು ಯಾವ ಪ್ರೋಗ್ರಾಂ ಎಷ್ಟು ಸಿಪಿಯು ತಿನ್ನುತ್ತಿದೆ ಅಂತ ನೋಡಿದೆವು. ಮೇಲಿನ ಸಾಲಿನಲ್ಲೇ ಒಂದು ಹೆಸರು ಎಲ್ಲ ಕೋರ್‌ಗಳನ್ನೂ ಹಿಂಡುತ್ತಿತ್ತು. ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿನ ಸ್ವಂತ ಕೆಲಸಗಳಿಗೆ ಇರುವಂಥದೇ ಹೆಸರು. ಗೊತ್ತಿಲ್ಲದವರು ಇದು ಸಿಸ್ಟಮ್ಮಿನದೇ ಅಂದುಕೊಂಡು ಬಿಟ್ಟುಬಿಡುತ್ತಾರೆ. ಆದರೆ ಕರ್ನಲ್ಲಿನ ಕೆಲಸಗಳಿಗೆ ಡಿಸ್ಕಿನಲ್ಲಿ ಪ್ರೋಗ್ರಾಂ ಫೈಲು ಇರುವುದಿಲ್ಲ. ಇದಕ್ಕೆ ಇತ್ತು. ಹೋಮ್ ಫೋಲ್ಡರಿನೊಳಗೆ, ಚುಕ್ಕಿಯಿಂದ ಶುರುವಾಗುವ ಹೆಸರಿನ ಫೋಲ್ಡರಿನಲ್ಲಿ. ಅದನ್ನು ನಿಲ್ಲಿಸಿದೆ. ಫ್ಯಾನ್ ತಣ್ಣಗಾಯಿತು. ಎರಡು ನಿಮಿಷದೊಳಗೆ ಮತ್ತೆ ಗುಂಯ್ ಎಂದಿತು. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್ ಪಟ್ಟಿ ತೆರೆದರೆ, ಅದನ್ನು ಪ್ರತಿ ನಿಮಿಷಕ್ಕೊಮ್ಮೆ ಎಬ್ಬಿಸುವ ಒಂದು ಸಾಲು ಅಲ್ಲಿತ್ತು.

ಅದು ಕ್ರಿಪ್ಟೊ ಮೈನರ್, ಅಂದರೆ ಕಂಪ್ಯೂಟರನ್ನು ದುಡಿಸಿ ಡಿಜಿಟಲ್ ನಾಣ್ಯ ಗಳಿಸುವ ಪ್ರೋಗ್ರಾಂ. ಅವನ ಲ್ಯಾಪ್‌ಟಾಪು, ಅವನ ಕರೆಂಟು, ಬೇರೆ ಯಾರದೋ ಜೇಬಿಗೆ ಹಣ.

"ಇತ್ತೀಚೆಗೆ ಏನಾದ್ರೂ ಹಾಕಿದ್ಯಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ವೈಫೈ ಸರಿ ಬರುತ್ತಿರಲಿಲ್ಲವಂತೆ. ಒಂದು ವಿಡಿಯೊದ ಕೆಳಗೆ ಯಾರೋ ಒಂದು ಸಾಲಿನ ಆಜ್ಞೆ ಬರೆದಿದ್ದರಂತೆ. ಎಲ್ಲಿಂದಲೋ ಸ್ಕ್ರಿಪ್ಟ್ ಇಳಿಸಿ, ಅದನ್ನು ನೇರ ಸುಡೊ ಮೂಲಕ ಓಡಿಸುವ ಸಾಲು. ಅವನು ನಕಲು ಮಾಡಿ ಅಂಟಿಸಿದ. ಪಾಸ್‌ವರ್ಡ್ ಕೇಳಿತು. ಕೊಟ್ಟ.

ಇಲ್ಲಿ ಯಾವ ಬೀಗವೂ ಮುರಿದಿಲ್ಲ. ಲಿನಕ್ಸ್ ತನ್ನ ಕೆಲಸ ಸರಿಯಾಗೇ ಮಾಡಿತು. ಮಾಲೀಕನ ಅನುಮತಿ ಕೇಳಿತು, ಮಾಲೀಕ ಕೊಟ್ಟ. ಬಾಗಿಲು ಒಳಗಿನಿಂದ ತೆರೆದರೆ ಕಾವಲುಗಾರ ಏನು ಮಾಡಬೇಕು?

ನಾನು ಆ ಲ್ಯಾಪ್‌ಟಾಪನ್ನು ಸ್ವಚ್ಛ ಮಾಡಲು ಹೋಗಲಿಲ್ಲ. ಫೋಟೊ, ನೋಟ್ಸ್ ಮಾತ್ರ ಹೊರಗೆ ತೆಗೆದು, ಪೂರ್ತಿ ಅಳಿಸಿ ಹೊಸದಾಗಿ ಸಿಸ್ಟಮ್ ಹಾಕಿದೆ. ಬ್ರೌಸರಿನಲ್ಲಿ ಉಳಿಸಿದ್ದ ಪಾಸ್‌ವರ್ಡ್‌ಗಳನ್ನೆಲ್ಲ ಬೇರೆ ಕಂಪ್ಯೂಟರಿನಿಂದ ಬದಲಿಸಲು ಹೇಳಿದೆ. ಅವನಿಗೆ ಇದು ಅತಿ ಅನ್ನಿಸಿತು. ಕಾರಣ ಇದೆ. ಸ್ಕ್ಯಾನರ್ ಫೈಲುಗಳನ್ನು ತಾನೇ ನೇರವಾಗಿ ನೋಡುವುದಿಲ್ಲ. "ಈ ಫೋಲ್ಡರಿನಲ್ಲಿ ಏನೇನಿದೆ ಹೇಳು" ಎಂದು ಕರ್ನಲ್ಲನ್ನು ಕೇಳುತ್ತದೆ. ರೂಟ್ ಸಿಕ್ಕ ಮಾಲ್‌ವೇರ್ ಕರ್ನಲ್ಲಿನ ಬಾಯನ್ನೇ ಕಟ್ಟಿಬಿಡಬಹುದು. ಆಗ ಕರ್ನಲ್ಲೇ ಸುಳ್ಳು ಹೇಳುತ್ತದೆ, ಸ್ಕ್ಯಾನರ್ ಅದನ್ನು ನಂಬುತ್ತದೆ. ರೂಟ್‌ಕಿಟ್ ಅನ್ನುವುದು ಇಂಥದಕ್ಕೇ. ಅನುಮಾನ ಬಂದ ಡಿಸ್ಕನ್ನು ನೋಡಬೇಕಿದ್ದರೆ ಬೇರೆ ಪೆನ್‌ಡ್ರೈವಿನ ಲೈವ್ ಲಿನಕ್ಸಿನಿಂದ ಬೂಟ್ ಮಾಡಿ ನೋಡಬೇಕು. ಆಗ ಉತ್ತರ ಕೊಡುವ ಕರ್ನಲ್ ಬೇರೆ.

ಒಳಗಿನಿಂದ ಬಾಗಿಲು ತೆರೆಸುವ ಈ ಉಪಾಯ ಹೊಸದಲ್ಲ. 2009ರ ಡಿಸೆಂಬರಿನಲ್ಲಿ ಗ್ನೋಮ್-ಲುಕ್ ತಾಣದಲ್ಲಿ ಜಲಪಾತದ ಸ್ಕ್ರೀನ್‌ಸೇವರ್ ಅಂತ ಇಟ್ಟ ಪ್ಯಾಕೇಜಿನಲ್ಲಿ ಬೇರೆ ತಾಣಗಳ ಮೇಲೆ ದಾಳಿ ಮಾಡುವ ಸ್ಕ್ರಿಪ್ಟ್ ಅಡಗಿತ್ತು. 2018ರಲ್ಲಿ ಉಬುಂಟು ಎಂಬ ಇನ್ನೊಂದು ಬಗೆಯ ಲಿನಕ್ಸಿನ ಆ್ಯಪ್ ಅಂಗಡಿ ಸ್ನ್ಯಾಪ್ ಸ್ಟೋರಿನ ಒಂದು ಆಟದೊಳಗೆ ಕ್ರಿಪ್ಟೊ ಮೈನರ್ ಸಿಕ್ಕಿತು. 2025ರ ಜುಲೈನಲ್ಲಿ ಆರ್ಚ್ ಲಿನಕ್ಸಿನ ಬಳಕೆದಾರರೇ ಪ್ಯಾಕೇಜ್ ಹಾಕುವ ಎಯುಆರ್‌ನಲ್ಲಿ, ಬ್ರೌಸರ್ ರಿಪೇರಿಯ ವೇಷದಲ್ಲಿ ಮಾಲ್‌ವೇರ್ ಇತ್ತು. ಶೆಟ್ರ ಲ್ಯಾಪ್‌ಟಾಪಿನಲ್ಲಿರುವ ಮಿಂಟ್ ಕೂಡ ಒಮ್ಮೆ ಪೆಟ್ಟು ತಿಂದಿದೆ. 2016ರ ಫೆಬ್ರವರಿ 20ರಂದು ಅದರ ತಾಣಕ್ಕೆ ಯಾರೋ ನುಗ್ಗಿ, ಡೌನ್‌ಲೋಡ್ ಕೊಂಡಿಯನ್ನೇ ತಮ್ಮ ಕಡೆ ತಿರುಗಿಸಿದ್ದರು. ಅವತ್ತು ಮಿಂಟ್ 17.3ರ ಸಿನಮನ್ ಆವೃತ್ತಿ ಇಳಿಸಿಕೊಂಡವರಿಗೆ ಹಿಂಬಾಗಿಲು ಇಟ್ಟ ಪ್ರತಿ ಸಿಕ್ಕಿತು. ಹಾಗಾಗಿ ಹೊಸದಾಗಿ ಹಾಕುವಾಗ ಇಳಿಸಿದ ಫೈಲಿನ ಸಹಿಯನ್ನು ತಾಳೆ ನೋಡುವ ಹತ್ತು ನಿಮಿಷದ ಕೆಲಸವನ್ನು ನಾನು ಈಗ ಬಿಡುವುದಿಲ್ಲ.

ಇದೆಲ್ಲಕ್ಕಿಂತ ಮೈ ನಡುಗಿಸಿದ್ದು 2024ರ ಎಕ್ಸ್‌ಝಡ್ ಘಟನೆ. ಇಲ್ಲಿ ಉಗ್ರಾಣದೊಳಗೇ ವಿಷ ಬಂದಿತ್ತು. ಫೈಲು ಕುಗ್ಗಿಸುವ ಒಂದು ಪುಟ್ಟ ತಂತ್ರಾಂಶಕ್ಕೆ ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ರಾಮಾಣಿಕವಾಗಿ ಕೆಲಸ ಮಾಡಿಕೊಟ್ಟರು. ನಂಬಿಕೆ ಗಳಿಸಿದ ಮೇಲೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಎಸ್‌ಎಸ್‌ಎಚ್ ಮೂಲಕ ಸರ್ವರಿಗೆ ನುಗ್ಗುವ ಹಿಂಬಾಗಿಲು ಇಟ್ಟರು. ಅದನ್ನು ಹಿಡಿದದ್ದು ಆಂಟಿವೈರಸ್ ಅಲ್ಲ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಯಾಕೆ ಆಗುತ್ತಿದೆ ಎಂದು ಅವರು ಬೆನ್ನು ಹತ್ತಿದರು. ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಹೆಚ್ಚಾಗಿ ಪರೀಕ್ಷೆಯ ಹಂತದ ಆವೃತ್ತಿಗಳಿಗೆ, ಹೊಸದನ್ನು ಕೂಡಲೇ ಕೊಡುವ ಕೆಲವು ಲಿನಕ್ಸ್‌ಗಳಿಗೆ ಅದು ತಲುಪಿತ್ತು. ಆ ಅರ್ಧ ಸೆಕೆಂಡನ್ನು ಗಮನಿಸಿದ ಅವರಿಗೆ ನಾವೆಲ್ಲ ಋಣಿಗಳು.

ಗಲ್ಲಾದ ಮೇಲಿನ ಡಬ್ಬಿ

ಮತ್ತೆ ಶೆಟ್ರ ಹೋಟೆಲಿಗೆ ಬರೋಣ. ಲ್ಯಾಪ್‌ಟಾಪ್ ನೋಡಿ ಮುಗಿಸಿ ಚಹಾ ಕುಡಿಯುವಾಗ ತಲೆ ಎತ್ತಿ ನೋಡಿದೆ. ಗಲ್ಲಾದ ಮೇಲಿನ ಅಟ್ಟದಲ್ಲಿ, ದೇವರ ಫೋಟೊ ಪಕ್ಕ, ಸಿಸಿಟಿವಿ ಚಿತ್ರ ಉಳಿಸುವ ಡಿವಿಆರ್ ಡಬ್ಬಿ. ಧೂಳು ಕೂತಿದೆ, ಹಸಿರು ದೀಪ ಮಿನುಗುತ್ತಿದೆ.

"ಶೆಟ್ರೇ, ಇದರ ಪಾಸ್‌ವರ್ಡ್ ಏನು?"

"ಹಾಕಿ ಹೋದ ಹುಡುಗ ಇಟ್ಟದ್ದೇ. ಊರಿಂದಲೂ ಮೊಬೈಲಲ್ಲಿ ನೋಡ್ಲಿಕ್ಕೆ ಆಗ್ತದೆ."

ಅದರ ಮೇಲಿನ ಚೀಟಿಯಲ್ಲೇ ಬರೆದಿತ್ತು. ಕಾರ್ಖಾನೆಯಿಂದ ಬಂದಾಗಿನದೇ ಪಾಸ್‌ವರ್ಡ್. ರೌಟರಿನಲ್ಲಿ ಹೊರಗಿನಿಂದ ನೇರ ಬರಲು ಒಂದು ಪೋರ್ಟನ್ನೂ ತೆರೆದಿಟ್ಟಿದ್ದರು. ಇಂಥ ಡಿವಿಆರ್, ಕ್ಯಾಮೆರಾ, ರೌಟರ್‌ಗಳಲ್ಲಿ ಬಹುಪಾಲು ಓಡುವುದು ಲಿನಕ್ಸೇ. ಶೆಟ್ರ ಹೋಟೆಲಿನಲ್ಲಿ ನಿಜವಾದ ಅಪಾಯದಲ್ಲಿದ್ದ ಲಿನಕ್ಸ್ ಅದು. ಲ್ಯಾಪ್‌ಟಾಪ್ ಅಲ್ಲ.

2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಇಂಥ ಡಬ್ಬಿಗಳನ್ನೇ ಹುಡುಕಿಕೊಂಡು ಹೋಯಿತು. ಅದರ ಹತ್ತಿರ ದೊಡ್ಡ ಮಂತ್ರವೇನೂ ಇರಲಿಲ್ಲ. ಕಾರ್ಖಾನೆ ಪಾಸ್‌ವರ್ಡ್‌ಗಳ ಅರವತ್ತು ಚಿಲ್ಲರೆ ಜೋಡಿಗಳ ಪಟ್ಟಿ, ಅಷ್ಟೇ. ಇಂಟರ್‌ನೆಟ್ಟಿನಲ್ಲಿ ಸಿಕ್ಕ ಡಬ್ಬಿಗಳ ಬಾಗಿಲಲ್ಲಿ ಒಂದೊಂದಾಗಿ ಹಾಕಿ ನೋಡುತ್ತಿತ್ತು. ಲಕ್ಷಗಟ್ಟಲೆ ಬಾಗಿಲು ತೆರೆದವು. ಆ ವರ್ಷ ಅಕ್ಟೋಬರ್ 21ರಂದು ಆ ಸೈನ್ಯ ಅಮೆರಿಕದ ಡೈನ್ ಎಂಬ, ತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ (ಡಿಎನ್ಎಸ್) ಕಂಪನಿಯ ಮೇಲೆ ಮುಗಿಬಿದ್ದಾಗ, ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಎಷ್ಟೋ ಜನರಿಗೆ ಸಿಗದಾದವು.

ಡಿವಿಆರ್‌ಗೆ ಆಂಟಿವೈರಸ್ ಹಾಕಲು ಬರುವುದಿಲ್ಲ. ಮಿರಾಯ್ ಇರುತ್ತಿದ್ದದ್ದು ಮೆಮೊರಿಯಲ್ಲಿ ಮಾತ್ರ. ಡಬ್ಬಿ ಆರಿಸಿ ಹಚ್ಚಿದರೆ ಹೋಗುತ್ತಿತ್ತು. ಪಾಸ್‌ವರ್ಡ್ ಹಳೆಯದೇ ಇದ್ದರೆ ಕೆಲವೇ ನಿಮಿಷದಲ್ಲಿ ಮತ್ತೆ ಬರುತ್ತಿತ್ತು. ನಾವು ಅವತ್ತೇ ಪಾಸ್‌ವರ್ಡ್ ಬದಲಿಸಿದೆವು, ರೌಟರಿನ ಆ ಪೋರ್ಟ್ ಮುಚ್ಚಿದೆವು, ಕಂಪನಿ ಕೊಟ್ಟ, ಡಬ್ಬಿಯೊಳಗಿನ ತಂತ್ರಾಂಶವಾದ ಹೊಸ ಫರ್ಮ್‌ವೇರ್ ಹಾಕಿದೆವು.

ಸರ್ವರ್‌ಗಳ ಕಥೆಯೂ ಇದರ ಅಣ್ಣ ತಮ್ಮನಂತೆ. ದುಡ್ಡು ಎಲ್ಲಿದೆಯೋ ದಾಳಿಯೂ ಅಲ್ಲಿಗೇ. 2017ರ ಜೂನಿನಲ್ಲಿ ದಕ್ಷಿಣ ಕೊರಿಯಾದ ನಯಾನಾ ಎಂಬ ಹೋಸ್ಟಿಂಗ್ ಕಂಪನಿಯ 153 ಲಿನಕ್ಸ್ ಸರ್ವರ್‌ಗಳಿಗೆ ಎರೆಬಸ್ ಎಂಬ ರ‍್ಯಾನ್ಸಮ್‌ವೇರ್ ಬೀಗ ಹಾಕಿತು. ಅವರು ಸುಮಾರು 10 ಲಕ್ಷ ಡಾಲರ್ ಕೊಟ್ಟು ಬಿಡಿಸಿಕೊಂಡರು. 2020ರಲ್ಲಿ ಯುರೋಪಿನ ಹಲವು ಸೂಪರ್‌ಕಂಪ್ಯೂಟರ್‌ಗಳನ್ನೇ ನಿಲ್ಲಿಸಬೇಕಾಯಿತು. ಅಲ್ಲಿಗೆ ಕಳ್ಳರು ಬಂದದ್ದು ಕದ್ದ ಎಸ್‌ಎಸ್‌ಎಚ್ ಲಾಗಿನ್ ಹಿಡಿದು, ಮುಂಬಾಗಿಲಿನಿಂದಲೇ.

ಹಾಗಾದರೆ ಯಾರಿಗೆ ಬೇಕು?

ಮೇಲ್ ಸರ್ವರ್ ನಡೆಸುವವರಿಗೆ ಬೇಕು. ಆಫೀಸಿನಲ್ಲಿ ಎಲ್ಲರೂ ಫೈಲು ಹಾಕುವ ಲಿನಕ್ಸ್ ಸರ್ವರ್ ಇದ್ದು, ಆಚೆ ಬದಿಯಲ್ಲಿ ವಿಂಡೋಸ್ ಕಂಪ್ಯೂಟರ್‌ಗಳಿದ್ದರೆ ಖಂಡಿತ ಬೇಕು. ಪುಣೆಯ ಐಟಿ ಬಡಾವಣೆ ಹಿಂಜವಡಿಯ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮವರು ಎಷ್ಟೋ ಜನ ಆಡಿಟ್‌ಗೆ ಬೇಕು ಅಂತ ಹಾಕಿಸಿಕೊಂಡಿರುತ್ತಾರೆ. ಅಲ್ಲಿ ಬರೀ ಫೈಲು ನೋಡುವ ಸ್ಕ್ಯಾನರ್ ಸಾಲದು, ನಡವಳಿಕೆ ಗಮನಿಸುವಂಥದ್ದೇ ಇರಬೇಕು. ಮನೆಯ ಲ್ಯಾಪ್‌ಟಾಪಿನಲ್ಲಿ ಸದಾ ಓಡುವ ಆಂಟಿವೈರಸ್ ಬೇಡ ಎಂಬುದು ನನ್ನ ಅಭಿಪ್ರಾಯ. ಪೆನ್‌ಡ್ರೈವ್ ಓಡಾಡುವ ಮನೆಯಾದರೆ ಬೇಕಾದಾಗ ಓಡಿಸುವ ಸ್ಕ್ಯಾನರ್ ಇರಲಿ. ಸ್ಕ್ಯಾನರ್ ಕೂಡ ಒಂದು ತಂತ್ರಾಂಶವೇ ಎಂಬುದು ನೆನಪಿರಲಿ. 2023ರಲ್ಲಿ ಕ್ಲ್ಯಾಮ್‌ಎವಿಯಲ್ಲೇ ಒಂದು ದೊಡ್ಡ ದೋಷ ಸಿಕ್ಕಿತ್ತು. ಬೇಕೆಂದೇ ಕೆಡಿಸಿದ ಫೈಲನ್ನು ಅದು ಸ್ಕ್ಯಾನ್ ಮಾಡಿದರೆ ದಾಳಿಕೋರರ ಕೋಡ್ ಓಡುವ ಸಾಧ್ಯತೆ ಇತ್ತು. ಅಪ್‌ಡೇಟ್ ಬಂದು ಸರಿಹೋಯಿತು.

ಅಪ್‌ಡೇಟ್ ಮಾತು ಬಂದದ್ದಕ್ಕೆ ಹೇಳುತ್ತೇನೆ, ಆಂಟಿವೈರಸ್ಸಿಗಿಂತ ಇದು ದೊಡ್ಡ ರಕ್ಷಣೆ. ಸಾಮಾನ್ಯ ಖಾತೆಯವರನ್ನು ನೇರ ರೂಟ್ ಮಾಡುವ ಪ್ವನ್‌ಕಿಟ್ ಎಂಬ ದೋಷ 2022ರ ಜನವರಿಯಲ್ಲಿ ಬಯಲಾಯಿತು. ಅದು 2009ರಿಂದಲೂ ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ಗಳಲ್ಲಿ ಕೂತಿತ್ತು. ಅದಕ್ಕೆ ಪಕ್ಕಾ ಮದ್ದು ಅಪ್‌ಡೇಟ್. ವಾರಗಟ್ಟಲೆ ಮುಂದೂಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನೊಂದು, ಬ್ಯಾಕಪ್. ಮಿಂಟಿನಲ್ಲಿ ಟೈಮ್‌ಶಿಫ್ಟ್ ಇದೆಯಲ್ಲ ಅಂತ ಬಹಳ ಜನ ನೆಮ್ಮದಿಯಿಂದ ಇದ್ದಾರೆ. ಅದು ಸಿಸ್ಟಮ್ ಫೈಲುಗಳನ್ನು ಮಾತ್ರ ಉಳಿಸುತ್ತದೆ. ನೀವಾಗಿ ಹೇಳದ ಹೊರತು ಹೋಮ್ ಫೋಲ್ಡರನ್ನು ಮುಟ್ಟುವುದಿಲ್ಲ. ಶೆಟ್ರಿಗೆ ಒಂದು ಹೊರಗಿನ ಹಾರ್ಡ್‌ಡಿಸ್ಕ್ ತರಿಸಿದೆ. ವಾರಕ್ಕೊಮ್ಮೆ ಹೋಮ್ ಫೋಲ್ಡರಿನ ಪ್ರತಿ ಅದಕ್ಕೆ ಹೋಗುತ್ತದೆ, ಆಮೇಲೆ ಕೇಬಲ್ ಕಿತ್ತು ಕಪಾಟಿನಲ್ಲಿಡುತ್ತಾರೆ. ಕಿತ್ತಿಡುವುದು ಮುಖ್ಯ. ಚುಚ್ಚಿಯೇ ಇಟ್ಟರೆ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ.

ಬ್ಯಾಂಕಿನ ಹೆಸರಿನ ಸುಳ್ಳು ಲಿಂಕು, ಕೆಟ್ಟ ಬ್ರೌಸರ್ ಎಕ್ಸ್‌ಟೆನ್ಶನ್, ಒಟಿಪಿ ಕೇಳುವ ಫೋನು, ಇವಕ್ಕೆ ನಿಮ್ಮ ಕಂಪ್ಯೂಟರಿನಲ್ಲಿ ವಿಂಡೋಸ್ ಇದೆಯೋ ಲಿನಕ್ಸ್ ಇದೆಯೋ ಬೇಕಾಗಿಯೇ ಇಲ್ಲ.

ಝೆರಾಕ್ಸ್ ಅಂಗಡಿಗೆ ಶೆಟ್ರು ಈಗ ಪೆನ್‌ಡ್ರೈವ್ ಒಯ್ಯುವುದಿಲ್ಲ. ಪಿಡಿಎಫ್ ಮಾಡಿ ಅಂಗಡಿಯವರ ವಾಟ್ಸ್ಯಾಪಿಗೆ ಕಳಿಸುತ್ತಾರೆ. ಸಿಎ ಆಫೀಸಿಗೆ ಹೋಗುವ ಪೆನ್‌ಡ್ರೈವನ್ನು ಮೊದಲು ಸ್ಕ್ಯಾನ್ ಮಾಡುತ್ತಾರೆ.

ಮೊನ್ನೆ ಬೆಳಿಗ್ಗೆ ಮತ್ತೆ ಫೋನ್ ಬಂತು. "ಇಲ್ಲಿ ಒಂದು ಪೆಟ್ಟಿಗೆ ಬಂದು ಪಾಸ್‌ವರ್ಡ್ ಕೇಳ್ತಾ ಉಂಟು. ಕೊಡ್ಲಾ?"

"ಯಾರು ಕೇಳ್ತಿದ್ದಾರೆ ಅಂತ ಮೇಲೆ ಬರೆದಿರ್ತದೆ, ಓದಿ ಶೆಟ್ರೇ."

ನಿಧಾನವಾಗಿ ಓದಿದರು. "ಅಪ್‌ಡೇಟ್ ಮ್ಯಾನೇಜರ್."

"ನೀವೇ ತೆರೆದದ್ದಾ?"

"ಹೌದು, ಈಗಷ್ಟೇ ನಾನೇ ಒತ್ತಿದ್ದು."

"ಹಾಗಾದ್ರೆ ಕೊಡಿ."